ಮೂರ್ಛೆರೋಗವೂ ಹೃದಯದ ಬಡಿತವೂ

ನಮ್ಮ ಶರೀರದಲ್ಲಿ ನಡೆಯುವ ಕೆಲಸಗಳಲ್ಲಿ ಕೆಲವು ನಮ್ಮ ಇಚ್ಛೆಗೆ ಒಳಪಟ್ಟಿರುತ್ತವೆ, ಕೆಲವು ಒಳಪಟ್ಟಿರುವದಿಲ್ಲ. ಕೈಯೆತ್ತುವದು, ನಡೆಯುವದು, ಮಾತನಾಡುವದು ಇವು ಮೊದಲನೆಯ ತರದವು. ಹೃದಯದ ಬಡಿತ, ಬೆವರು, ಕಣ್ಣುಪಾಪೆಯ ಹಿಗ್ಗುಕುಗ್ಗು, ಉಂಡ ಅನ್ನದ ಪಚನ ಇವು ಎರಡನೆಯ ತರದವು. ಶರೀರಶಾಸ್ತ್ರದ ಪಾಠದಲ್ಲಿ ಇದನ್ನು ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಆ ಪಾಠವನ್ನೇ ಇನ್ನಷ್ಟು ಮುಂದುವರಿಸಿ, ಮೂರ್ಛೆರೋಗವುಳ್ಳವರಲ್ಲಿ ಹೃದಯವು ಹೇಗೆ ನಡೆದುಕೊಳ್ಳುತ್ತದೆಂಬದನ್ನು ಈ ಸ್ಮರಣ ಸಂಚಿಕೆಯಲ್ಲಿ ವಿವರಿಸಲು ನಾವು ಯೋಚಿಸಿದೆವು.

ಇದಕ್ಕೆ ಕಾರಣವುಂಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಗಳ ಹಳ್ಳಿಗಳಿಂದ ನಮ್ಮ ವಸತಿಗೃಹಕ್ಕೆ ಬರುವ ಹುಡುಗಿಯರಲ್ಲಿ ಈ ರೋಗವುಳ್ಳವಳು ಒಬ್ಬಳಾದರೂ ಇಲ್ಲದ ವರುಷ ಕಡಿಮೆ. ಸೇರಿಸುವಾಗ ಪಾಲಕರು ಅದನ್ನು ಹೇಳುವದಿಲ್ಲ. ಒಂದು ರಾತ್ರಿ ಹುಡುಗಿ ಕಿರಿಚಿ ಸೆಟೆದುಕೊಂಡ ಮೇಲೆಯೇ ಸಂಗತಿ ಹೊರಬೀಳುವದು. ಮರುದಿನ ಮೊದಲನೆಯ ಬಸ್ಸಿಗೆ ಓಡಿಬಂದ ತಂದೆಯು ಕೇಳುವ ಪ್ರಶ್ನೆಗಳು ಎರಡೇ: “ಅಕ್ಕಾರ, ಹುಡುಗಿ ಎದಿ ನಿಂತು ಹೋದೀತೇನ್ರಿ?” “ಸಾಲಿ ಬಿಡಿಸೂಣೇನ್ರಿ?” ಎರಡನೆಯದಕ್ಕೆ ನಮ್ಮ ಉತ್ತರ ಯಾವಾಗಲೂ ಒಂದೇ, ಬಿಡಿಸಕೂಡದು. ಮೊದಲನೆಯದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ಬರುವದಿಲ್ಲ. ಅದಕ್ಕಾಗಿಯೇ ಈ ಲೇಖನ.

ಈ ರೋಗವು ಅಪರೂಪದ್ದೆಂದು ಯಾರೂ ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಎಂ. ಗೌರಿದೇವಿ, ಜಿ. ಗುರುರಾಜ, ಪಿ. ಸತೀಶಚಂದ್ರ ಮೊದಲಾದವರು ಬೆಂಗಳೂರಿನಲ್ಲಿಯೂ ಅದರ ಸುತ್ತಿನ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೂ ಮಿಕ್ಕಿದ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ, ೨೦೦೪ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ನಗರದಲ್ಲಿ ಸಾವಿರಕ್ಕೆ ೫.೭ ಜನರೂ, ಹಳ್ಳಿಗಳಲ್ಲಿ ಸಾವಿರಕ್ಕೆ ೧೧.೯ ಜನರೂ ಈ ರೋಗವುಳ್ಳವರಾಗಿ ಕಂಡುಬಂದರು. ಹಳ್ಳಿಯ ಪಾಲು ನಗರದ ಎರಡರಷ್ಟು! ನಮ್ಮ ಸೀಮೆಗೆ ಅದೇ ಅಳತೆಯನ್ನು ಹಿಡಿದರೆ, ಐದು ಸಾವಿರ ಜನವಸತಿಯ ಒಂದು ಊರಿನಲ್ಲಿ ಐವತ್ತಕ್ಕೂ ಮೇಲ್ಪಟ್ಟು ಜನರು ಇರತಕ್ಕದ್ದು. ಅವರೆಲ್ಲಿ ಎಂದು ಕೇಳಿದರೆ, ಮನೆಯ ಒಳಕೋಣೆಗಳಲ್ಲಿ ಎಂದೇ ಉತ್ತರ.

ಇನ್ನು ಪಾಠಕ್ಕೆ ಬರೋಣ. ಹೃದಯವು ಬಡಿಯುವದಕ್ಕೆ ಮೆದುಳಿನ ಅಪ್ಪಣೆ ಬೇಕಾಗಿಲ್ಲ. ಅದರ ಬಲಗಡೆಯ ಮೇಲುಕೋಣೆಯ ಗೋಡೆಯಲ್ಲಿರುವ ಒಂದು ಚಿಕ್ಕ ಗಂಟು ತಾನಾಗಿಯೇ ವಿದ್ಯುತ್ತಿನ ಅಲೆಗಳನ್ನೆಬ್ಬಿಸುತ್ತದೆ. ಆ ಅಲೆಗಳಿಗೆ ತಕ್ಕಂತೆ ಹೃದಯವು ಮುದುಡಿ ಬಿಚ್ಚಿಕೊಳ್ಳುತ್ತದೆ. ಆದರೆ ಬಡಿತದ ಹೆಚ್ಚುಕಡಿಮೆಯನ್ನು ಮೆದುಳು ನೋಡಿಕೊಳ್ಳುವದು. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಯ ಎತ್ತುಗಳು ತಾವಾಗಿಯೇ ನಡೆಯಬಲ್ಲವಲ್ಲವೇ? ಆದರೂ ಹೊಡೆಯುವವನ ಒಂದು ಕೈಯಲ್ಲಿ ಬಾರುಕೋಲೂ ಇನ್ನೊಂದು ಕೈಯಲ್ಲಿ ಹಗ್ಗವೂ ಇರುತ್ತವೆ. ಸಿಂಪಥೆಟಿಕ್ ಎಂದು ಕರೆಯಲ್ಪಡುವ ನರಗಳು ಬಾರುಕೋಲಿನ ಹಾಗೆ ಬಡಿತವನ್ನು ಚುರುಕುಗೊಳಿಸುತ್ತವೆ. ವೇಗಸ್ ಎಂಬ, ತಲೆಬುರುಡೆಯಿಂದ ಕೊರಳಲ್ಲಿ ಹಾದು ಎದೆಗೂ ಹೊಟ್ಟೆಗೂ ಇಳಿಯುವ ದೊಡ್ಡ ನರವು ಹಗ್ಗದ ಹಾಗೆ ಅದನ್ನು ಹಿಡಿದು ನಿಧಾನಪಡಿಸುತ್ತದೆ. ಇವೆರಡೂ ಕೂಡಿ ಸ್ವಯಂಚಾಲಿತ ನರಮಂಡಲವೆನಿಸಿಕೊಳ್ಳುತ್ತವೆ.

ಸುಮ್ಮನೆ ಕುಳಿತಾಗ ಈ ಎರಡರಲ್ಲಿ ಯಾವುದರ ಕೈ ಮೇಲು? ವಯಸ್ಕರ ನಾಡಿಯು ವಿಶ್ರಾಂತಿಯಲ್ಲಿ ನಿಮಿಷಕ್ಕೆ ೬೦ರಿಂದ ೧೦೦ ಸಲ ಬಡಿಯುವದು. ಬಹು ಜನರಲ್ಲಿ ಎಪ್ಪತ್ತರ ಆಸುಪಾಸಿನಲ್ಲಿರುವದು. ೧೯೬೭ರಿಂದೀಚೆಗೆ ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ನಡೆದಿದೆಯಷ್ಟೇ. ಹಾಗೆ ಜೋಡಿಸಿದ, ನರಗಳೆಲ್ಲ ಕಡಿದುಹೋದ ಹೃದಯವು ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ ಸುಮಾರು ನೂರು ಸಲ ಬಡಿಯುತ್ತದೆ. ಆದಕಾರಣ ಆರೋಗ್ಯವಂತನ ಹೃದಯವನ್ನು ಹಗಲೂ ರಾತ್ರಿ ಹಿಡಿದು ಸಮಾಧಾನಪಡಿಸುತ್ತಿರುವದು ವೇಗಸ್ ನರವೇ ಎಂದು ತಿಳಿಯುತ್ತದೆ. ಆಟೊ ಲೋವಿ ಎಂಬ ವಿದ್ವಾಂಸನು ೧೯೨೧ರಲ್ಲಿ ಕಪ್ಪೆಯ ಹೃದಯಗಳನ್ನಿಟ್ಟುಕೊಂಡು, ಈ ನರವು ತನ್ನ ತುದಿಯಲ್ಲಿ ಒಂದು ರಸವನ್ನು ಬಿಟ್ಟು ಈ ಕೆಲಸ ಮಾಡುವದೆಂದು ತೋರಿಸಿದನು. ಪ್ರಯೋಗದ ಉಪಾಯವು ಅವನಿಗೆ ನಿದ್ದೆಯಲ್ಲಿ ಹೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ.

ವಾಚಕರು ಇದನ್ನು ಈಗಲೇ ತಮ್ಮ ಕೈಯ ಮೇಲೆ ಪರೀಕ್ಷಿಸಬಹುದು. ಎಡಗೈಯ ಹೆಬ್ಬೆರಳಿನ ಬುಡಕ್ಕೆ, ಮಣಿಕಟ್ಟಿನ ಮೇಲೆ, ಬಲಗೈಯ ಎರಡು ಬೆರಳುಗಳನ್ನು ಹಗುರಾಗಿ ಇಟ್ಟು ನಾಡಿಯನ್ನು ಹುಡುಕಿರಿ. ಐದು ಸೆಕೆಂಡು ಉಸಿರನ್ನು ಒಳಗೆ ಎಳೆದುಕೊಳ್ಳಿರಿ, ಐದು ಸೆಕೆಂಡು ಹೊರಗೆ ಬಿಡಿರಿ. ಎಳೆದುಕೊಳ್ಳುವಾಗ ನಾಡಿ ಚುರುಕಾಗುವದೂ ಬಿಡುವಾಗ ಸಾವಕಾಶವಾಗುವದೂ ಬೆರಳಿಗೆ ತಿಳಿಯುವದು. ನಮ್ಮ ಹುಡುಗಿಯರಿಗೆ ಇದನ್ನು ಮಾಡಿಸಿದಾಗ ಅವರು ಹೆದರಿ, ತಮಗೇನೋ ಎದೆಯ ರೋಗವಿದೆಯೆಂದು ಭಾವಿಸುವದುಂಟು. ಸಂಗತಿಯು ಇದಕ್ಕೆ ತೀರ ವಿರುದ್ಧ: ಈ ಏರಿಳಿತವು ವೇಗಸ್ ನರವು ಗಟ್ಟಿಯಾಗಿರುವದರ ಗುರುತು. ಗಡಿಯಾರದಂತೆ ಒಂದೇ ಸಮನೆ ಬಡಿಯುವ ಹೃದಯವೇ ವೈದ್ಯರಿಗೆ ಚಿಂತೆಯನ್ನುಂಟುಮಾಡುತ್ತದೆ. ಎಳೆಯ ಪ್ರಾಯದವರಲ್ಲಿ ಹೀಗೆ ಆಳವಾಗಿ ಉಸಿರಾಡಿದಾಗ ಬಡಿತದ ಏರಿಗೂ ಇಳಿವಿಗೂ ನಿಮಿಷಕ್ಕೆ ೧೫ರಷ್ಟಾದರೂ ಅಂತರ ಬರತಕ್ಕದ್ದು. ಅದು ಹತ್ತಕ್ಕೂ ಕೆಳಗಿಳಿದರೆ ನರದಲ್ಲಿ ಕುಂದುಂಟೆಂದು ಎಣಿಸುವರು.

ಮೂರ್ಛೆರೋಗಕ್ಕೂ ಇದಕ್ಕೂ ಏನು ಸಂಬಂಧ? ಮೂರ್ಛೆರೋಗವೆಂಬುದು ಮೆದುಳಿನ ವಿದ್ಯುತ್ತಿನ ಗೊಂದಲ. ಕೋಟ್ಯಂತರ ನರಕೋಶಗಳು ತಮ್ಮ ತಮ್ಮ ಕೆಲಸವನ್ನು ಬಿಟ್ಟು ಏಕಕಾಲಕ್ಕೆ ಸಿಡಿಯತೊಡಗುತ್ತವೆ. ಆ ಸಿಡಿತವು ಕೈಕಾಲುಗಳನ್ನಾಡಿಸುವ ಭಾಗಕ್ಕೆ ತಲುಪಿದರೆ ಸೆಟೆತ ನಡುಕಗಳು ಕಾಣಿಸುತ್ತವೆ. ಹೃದಯದ ಬಾರುಕೋಲು ಹಗ್ಗಗಳನ್ನು ಹಿಡಿದಿರುವ ಭಾಗಗಳೂ ಅದೇ ಮೆದುಳಿನಲ್ಲಿಯೇ, ಕಪೋಲದ ಒಳಮಗ್ಗುಲಿನಲ್ಲಿಯೂ ನಡುಮೆದುಳಿನ ತಳದಲ್ಲಿಯೂ ಇವೆ. ಸಿಡಿತವು ಅಲ್ಲಿಗೆ ತಲುಪಿತೆಂದರೆ ಎದೆ ಹೊಡೆದುಕೊಳ್ಳುವದು, ಮೈ ಬೆವರುವದು, ಮುಖ ಬಿಳಿಚುವದು, ರೋಮಾಂಚವಾಗುವದು, ಹೊಟ್ಟೆಯಿಂದ ಏನೋ ಮೇಲಕ್ಕೇರಿದಂತಾಗುವದು ಇವೆಲ್ಲ ಉಂಟಾಗುತ್ತವೆ. ನಮ್ಮ ದೇಶದ ಹಳೆಯ ವೈದ್ಯರ ಕಣ್ಣಿಗೆ ಇದು ತಪ್ಪಿರಲಿಲ್ಲ. ಅಪಸ್ಮಾರವು ಬರುವ ಮುಂಚೆ ಕಾಣುವ ಲಕ್ಷಣಗಳನ್ನು ಎಣಿಸುವಾಗ ಸುಶ್ರುತ ಸಂಹಿತೆಯು ಹೃದಯದ ಕಂಪವನ್ನೂ ಬೆವರನ್ನೂ ನಿದ್ದೆಗೆಡುವದನ್ನೂ ಹೇಳಿದೆ. ಅವರು ಹೃದಯವನ್ನೇ ಚೈತನ್ಯದ ನೆಲೆಯೆಂದು ತಿಳಿದದ್ದರಿಂದ ಕಾರಣವನ್ನು ಅಲ್ಲಿಯೇ ಹುಡುಕಿದರು. ಗ್ರೀಸಿನ ಹಿಪೊಕ್ರಟೀಸನ ಹೆಸರಿನ ಗ್ರಂಥವು ಮೆದುಳಿನಲ್ಲಿ ಹುಡುಕಿತು. ಎರಡಕ್ಕೂ ನಡುವೆ ತಂತಿ ಇರುವದನ್ನು ಕಾಣುವದಕ್ಕೆ ಎರಡು ಸಾವಿರ ವರುಷಗಳಾದರೂ ಬೇಕಾದವು.

ಹೃದಯದ ವಿದ್ಯುತ್ತನ್ನು ಬರೆಯುವ ಯಂತ್ರವು ೨೦ನೆಯ ಶತಮಾನದ ಆರಂಭದಲ್ಲಿ ಐಂತೋವನನಿಂದಲೂ, ಮೆದುಳಿನದನ್ನು ಬರೆಯುವ ವಿಧಾನವು ೧೯೨೯ರಲ್ಲಿ ಹಾನ್ಸ್ ಬರ್ಗರನಿಂದಲೂ ಲೋಕಕ್ಕೆ ತಿಳಿದುಬಂದವು. ಎರಡನ್ನೂ ಒಟ್ಟಿಗೆ ಜೋಡಿಸಿ ರೋಗಿಯನ್ನು ಹಗಲಿರುಳು ನೋಡಿದಾಗ ಸ್ಪಷ್ಟವಾದ ಸಂಗತಿ ಹೀಗಿದೆ. ಮೂರ್ಛೆ ಬಂದಾಗ ಬಹುತರವಾಗಿ ಹೃದಯದ ವೇಗವು ಹೆಚ್ಚುತ್ತದೆ. ನಿಮಿಷಕ್ಕೆ ೧೨೦, ೧೪೦ಕ್ಕೆ ಏರುವದು ಸಾಮಾನ್ಯ. ಕೆಲವೊಮ್ಮೆ ಕೈಕಾಲು ಅಲುಗುವ ಮುಂಚೆಯೇ ಏರುತ್ತದೆ. ಮೂರ್ಛೆ ಇಳಿದ ಮೇಲೆ ಅದೂ ಇಳಿಯುತ್ತದೆ. ಇದರಿಂದ ಗಟ್ಟಿಯಾದ ಹೃದಯಕ್ಕೆ ಹಾನಿಯಾಗುವದು ವಿರಳ. ಮೂರ್ಛೆಯ ನಡುವೆ ಹೃದಯವು ಕೆಲ ಸೆಕೆಂಡುಗಳವರೆಗೆ ನಿಲ್ಲುವದೂ ಉಂಟು, ಎ. ಇ. ರಸೆಲ್ ಎಂಬ ಆಂಗ್ಲ ವೈದ್ಯನು ಮೂರ್ಛೆಯ ಆರಂಭದಲ್ಲಿ ನಾಡಿ ನಿಂತುದನ್ನು ೧೯೦೬ರಲ್ಲಿಯೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದನು. ಆದರೆ ಇದು ಅತ್ಯಂತ ವಿರಳ, ಮತ್ತು ಹಾಗೆ ನಿಂತ ಹೃದಯವು ಸಾಮಾನ್ಯವಾಗಿ ತಾನೇ ಮತ್ತೆ ಹೊರಡುತ್ತದೆ. ಇಂಥವರಿಗೆ ವೈದ್ಯರು ಅಗತ್ಯ ಕಂಡರೆ ಹೃದಯಕ್ಕೆ ಪೇಸ್‌ಮೇಕರ್ ಜೋಡಿಸುತ್ತಾರೆ.

ಚಿಕ್ಕ ಮಕ್ಕಳ ತಾಯಂದಿರಿಗೆ ಇಲ್ಲಿಯೇ ಒಂದು ಮಾತು. ಮೂರರಿಂದ ಆರು ವರುಷದ ಮಗುವು ರಾತ್ರಿ ನಿದ್ದೆಯಿಂದೆದ್ದು ಓಕರಿಸಿ, ಮುಖ ಬಿಳಿಚಿ, ಕಣ್ಣು ಒಂದು ಕಡೆಗೆ ಹೊರಳಿಸಿ, ಕರೆದರೆ ಉತ್ತರ ಕೊಡದೆ ಇದ್ದರೆ, ಅದನ್ನು ಅಜೀರ್ಣವೆಂದೋ ದೃಷ್ಟಿ ತಾಕಿತೆಂದೋ ತೆಗೆದುಹಾಕಬಾರದು. ಸ್ವಯಂಚಾಲಿತ ನರಗಳಲ್ಲಿಯೇ ತೋರುವ ಒಂದು ತರದ ಮೂರ್ಛೆ ಅದಾಗಿರಬಹುದು. ಅದು ಬೆಳೆಯುತ್ತ ಬೆಳೆಯುತ್ತ ತಾನೇ ಬಿಟ್ಟುಹೋಗುವಂಥದು. ಆದರೂ ವೈದ್ಯರಿಗೆ ತೋರಿಸತಕ್ಕದ್ದೇ.

ಮೂರ್ಛೆ ಬಾರದ ದಿನಗಳಲ್ಲಿ ಹೃದಯ ಹೇಗಿರುತ್ತದೆ ಎಂಬದು ಇನ್ನೊಂದು ಪ್ರಶ್ನೆ. ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಕರ್ನಾಟಕದವರು ಮುಂದಾಗಿರುವರೆಂಬದು ಸಂತೋಷದ ಸಂಗತಿ. ನಿಮ್ಹಾನ್ಸಿನ ಟಿ. ಎನ್. ಸತ್ಯಪ್ರಭಾ, ಪಿ. ಸತೀಶಚಂದ್ರ ಮತ್ತು ಅವರ ಸಂಗಡಿಗರು, ಔಷಧಗಳಿಗೂ ಬಗ್ಗದೆ ಬಹುಕಾಲ ಮುಂದುವರಿದ ಮೂರ್ಛೆರೋಗವುಳ್ಳವರನ್ನು ಪರೀಕ್ಷಿಸಿ, ಅವರಲ್ಲಿ ಹೃದಯದ ಸ್ವಯಂಚಾಲಿತ ನರಗಳ ಕಾರ್ಯವು ಕೆಟ್ಟಿರುವದನ್ನು ೨೦೦೬ರಲ್ಲಿ ಪ್ರಕಟಿಸಿದರು. ಇಂಥ ಪರೀಕ್ಷೆಯಲ್ಲಿ ಸೂಜಿಯಿಲ್ಲ, ಕತ್ತರಿಯಿಲ್ಲ: ಮೇಲೆ ಹೇಳಿದಂತೆ ಆಳವಾಗಿ ಉಸಿರಾಡಿಸುವದು, ಮಲಗಿದವರನ್ನು ಎಬ್ಬಿಸಿ ನಿಲ್ಲಿಸುವದು, ಮುಷ್ಟಿಯನ್ನು ಬಿಗಿಯಾಗಿ ಹಿಡಿಸುವದು, ಆಗಿನ ಬಡಿತವನ್ನೂ ರಕ್ತದ ಒತ್ತಡವನ್ನೂ ಬರೆದುಕೊಳ್ಳುವದು. ಅದೇ ಸಂಸ್ಥೆಯಲ್ಲಿ ಹತ್ತು ವಾರ ಯೋಗಾಭ್ಯಾಸ ಮಾಡಿದ ೧೮ ರೋಗಿಗಳನ್ನು, ಸಾಧಾರಣ ವ್ಯಾಯಾಮ ಮಾಡಿದ ೧೬ ರೋಗಿಗಳೊಡನೆ ಹೋಲಿಸಿ ನೋಡಿದರು. ೨೦೦೮ರಲ್ಲಿ ಪ್ರಕಟವಾದ ಆ ವರದಿಯಂತೆ, ಯೋಗ ಮಾಡಿದವರಲ್ಲಿ ವೇಗಸ್ ನರದ ಹಿಡಿತವು ಸುಧಾರಿಸಿತು, ಮೂರ್ಛೆಗಳೂ ಕಡಿಮೆಯಾದವು. ಇಷ್ಟು ಸಣ್ಣ ಸಂಖ್ಯೆಯ ಮೇಲೆ ದೊಡ್ಡ ಮನೆ ಕಟ್ಟಲಾಗದು. ಆ ರೋಗಿಗಳೆಲ್ಲರೂ ಗುಳಿಗೆಗಳನ್ನು ಬಿಡದೆ ತೆಗೆದುಕೊಳ್ಳುತ್ತಿದ್ದರೆಂಬದನ್ನಂತೂ ಮರೆಯಲೇಬಾರದು.

ಈಗ ತಂದೆಯ ಮೊದಲನೆಯ ಪ್ರಶ್ನೆಗೆ ಬಂದೆವು. ಮೂರ್ಛೆರೋಗವುಳ್ಳ ಕೆಲವರು ಬೇರೆ ಯಾವ ಕಾರಣವೂ ಕಾಣದೆ, ಬಹುತರವಾಗಿ ರಾತ್ರಿ ಹಾಸಿಗೆಯಲ್ಲಿ, ಆಕಸ್ಮಿಕವಾಗಿ ಮೃತಪಡುವದುಂಟು. ಇದನ್ನು ಮುಚ್ಚಿಡುವದು ಪಾಲಕರಿಗೆ ಮಾಡುವ ಉಪಕಾರವಲ್ಲವೆಂದು ನಮ್ಮ ಅಭಿಪ್ರಾಯ. ಪ್ರಮಾಣವನ್ನೂ ಕೂಡಿಸಿ ಹೇಳಿದರೆ ಹೆದರಿಕೆಯು ತಕ್ಕ ಅಳತೆಗೆ ಬರುವದು: ರೋಗವುಳ್ಳ ವಯಸ್ಕರಲ್ಲಿ ವರುಷಕ್ಕೆ ಸುಮಾರು ಸಾವಿರಕ್ಕೊಬ್ಬರು, ಮಕ್ಕಳಲ್ಲಿ ಸುಮಾರು ೪,೫೦೦ಕ್ಕೊಬ್ಬರು. ಆಸ್ಪತ್ರೆಗಳಲ್ಲಿ ಯಂತ್ರಗಳನ್ನು ಜೋಡಿಸಿದ್ದಾಗಲೇ ಸಂಭವಿಸಿದ ಇಂಥ ಮರಣಗಳನ್ನು ಅನೇಕ ದೇಶಗಳಿಂದ ಕೂಡಿಸಿ ೨೦೧೩ರಲ್ಲಿ ಪ್ರಕಟಿಸಿದ ವರದಿಯು ಒಂದು ದೊಡ್ಡ ಸಂಗತಿಯನ್ನು ತಿಳಿಸಿತು. ಹೃದಯವು ಮೊದಲು ನಿಲ್ಲುವದಿಲ್ಲ. ಮೈಯೆಲ್ಲ ಸೆಟೆದು ನಡುಗುವ ದೊಡ್ಡ ಮೂರ್ಛೆಯು ಮುಗಿದ ಮೇಲೆ ಕೆಲವೇ ನಿಮಿಷಗಳಲ್ಲಿ ಮೆದುಳಿನ ಕಾಂಡವು ಸ್ತಬ್ಧವಾಗಿ ಉಸಿರಾಟವೂ ಬಡಿತವೂ ಕುಗ್ಗುತ್ತವೆ. ಉಸಿರು ಮೊದಲು ನಿಲ್ಲುತ್ತದೆ, ಹೃದಯವು ಅದರ ಹಿಂದಿನಿಂದ ನಿಲ್ಲುತ್ತದೆ. ಬಹಳ ಮಂದಿ ಬೋರಲಾಗಿ, ಮುಖ ಹಾಸಿಗೆಗೆ ಒತ್ತಿ ಮಲಗಿದ್ದರು.

ಇದರಿಂದ ಮನೆಯವರು ತಿಳಿಯತಕ್ಕದ್ದು ಬಹಳ. ಅಪಾಯವು ಹೆಚ್ಚಾಗಿರುವದು ದೊಡ್ಡ ಮೂರ್ಛೆಗಳು ಮೇಲಿಂದ ಮೇಲೆ ಬರುವವರಿಗೆ, ಅದರಲ್ಲಿಯೂ ರಾತ್ರಿ ಬರುವವರಿಗೆ, ಒಬ್ಬರೇ ಮಲಗುವವರಿಗೆ. ಅಂಥ ಹುಡುಗಿಯನ್ನು ನಾಚಿಕೆಯಿಂದ ಬೇರೆ ಕೋಣೆಯಲ್ಲಿ ಮಲಗಿಸುವ ಮನೆಗಳನ್ನು ನಾವು ಬಲ್ಲೆವು. ಅದಕ್ಕಿಂತ ಕೆಟ್ಟ ಏರ್ಪಾಡು ಇನ್ನೊಂದಿಲ್ಲ! ನಮ್ಮ ವಸತಿಗೃಹದಲ್ಲಿ ಇಂಥವಳ ಹಾಸಿಗೆಯು ಸಾಲಿನ ನಡುವೆ ಇರುತ್ತದೆ; ಎರಡೂ ಮಗ್ಗುಲಿನವರಿಗೆ ಏನು ಮಾಡಬೇಕೆಂಬದನ್ನು ಕಲಿಸಿರುತ್ತೇವೆ. ಹದಿಮೂರು ವರುಷದ ಹುಡುಗಿಯರು ಇದನ್ನು ದೊಡ್ಡವರಿಗಿಂತ ಚೆನ್ನಾಗಿ ಮಾಡುತ್ತಾರೆ.

ಅವರು ಮಾಡುವದೇನಂದರೆ, ಗಡಿಯಾರ ನೋಡುವದು. ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡುವದು. ಕೊರಳಿನ ಗುಂಡಿ ಬಿಚ್ಚುವದು. ನಡುಕ ಇಳಿಯುತ್ತಲೇ ಮಗ್ಗುಲಾಗಿ ಹೊರಳಿಸಿ ಬಾಯಿಯ ಜೊಲ್ಲು ಹೊರಗೆ ಹರಿಯುವಂತೆ ಮಾಡುವದು. ಎಚ್ಚರ ಬಂದು ಮಾತಾಡುವವರೆಗೆ ಉಸಿರನ್ನು ನೋಡುತ್ತ ಪಕ್ಕದಲ್ಲಿ ಕುಳಿತುಕೊಳ್ಳುವದು. ಐದು ನಿಮಿಷ ದಾಟಿದರೆ, ಇಲ್ಲವೆ ಎಚ್ಚರ ಬಾರದೆ ಮತ್ತೊಂದು ಮೂರ್ಛೆ ಬಂದರೆ, ೧೦೮ಕ್ಕೆ ಫೋನು ಮಾಡಿ ಗಾಡಿ ತರಿಸುವದು. ಹಲ್ಲುಗಳ ನಡುವೆ ಚಮಚೆಯನ್ನಾಗಲಿ ಬಟ್ಟೆಯನ್ನಾಗಲಿ ತುರುಕಕೂಡದು, ನೀರು ಹಾಕಕೂಡದು, ಕೈಕಾಲು ಒತ್ತಿ ಹಿಡಿಯಕೂಡದು. ಕೀಲಿಕೈ ಹಿಡಿಸುವದು, ಉಳ್ಳಾಗಡ್ಡಿ ಮೂಸಿಸುವದು, ಕೆರ ಮೂಸಿಸುವದು ಇವುಗಳ ವಿಷಯವಾಗಿ ನಮ್ಮ ಹಳ್ಳಿಗಳಲ್ಲಿ ದೊಡ್ಡ ನಂಬಿಕೆಯಿದೆ. ಮೂರ್ಛೆಯು ಎರಡು ಮೂರು ನಿಮಿಷಗಳಲ್ಲಿ ತಾನೇ ನಿಲ್ಲತಕ್ಕದ್ದು. ಕೀಲಿಕೈ ಹುಡುಕಿ ತರುವಷ್ಟಕ್ಕೆ ಆ ಹೊತ್ತು ಆಗಿರುತ್ತದೆ. ಹೀಗೆ ಕಬ್ಬಿಣಕ್ಕೆ ಕೀರ್ತಿ ಬಂತು.

ಇದಕ್ಕೆ ವಿಪರೀತವಾದ ಸಂಗತಿಯೊಂದುಂಟು, ಮತ್ತು ಅದನ್ನು ಬಹಳ ಪಾಲಕರು ತಿಳಿದಿಲ್ಲ. ಮೆದುಳಿನ ರೋಗವೆಂದು ತೋರುವದು ಕೆಲವೊಮ್ಮೆ ಹೃದಯದ್ದೇ ಆಗಿರುತ್ತದೆ. ಬೇಸಗೆಯ ಬೆಳಿಗ್ಗೆ ಉಪವಾಸದಿಂದ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಹುಡುಗಿಯು ಕಣ್ಣು ಕತ್ತಲಿಟ್ಟು, ಬಿಳಿಚಿ, ಬೆವರಿ, ಮೆತ್ತಗೆ ಕುಸಿಯುವದು ಸಾಧಾರಣ ತಲೆತಿರುಗು. ಮಲಗಿಸಿ ಕಾಲೆತ್ತಿದರೆ ಒಂದು ನಿಮಿಷದೊಳಗೆ ಎದ್ದು ಕುಳಿತು ತನ್ನ ಹೆಸರು ಹೇಳುವಳು. ಆಗ ಕೈ ಎರಡು ಸಲ ನಡುಗಿತೆಂದ ಮಾತ್ರಕ್ಕೆ ಮೂರ್ಛೆರೋಗವೆಂದು ಹೆಸರಿಡಬಾರದು. ಆದರೆ ಓಡುವಾಗ, ಈಜುವಾಗ, ಇಲ್ಲವೆ ಒಮ್ಮೆಲೆ ಗಂಟೆ ಬಾರಿಸಿದಾಗ ಬೆಚ್ಚಿ ಬೀಳುವ ಹುಡುಗಿಯ ವಿಷಯ ಬೇರೆ. ಅವಳ ಹೃದಯದ ವಿದ್ಯುತ್ತು ಪ್ರತಿ ಬಡಿತದ ಕೊನೆಗೆ ಸಮಸ್ಥಿತಿಗೆ ಬರಲು ಹೆಚ್ಚು ಕಾಲ ತೆಗೆದುಕೊಳ್ಳುವ, ವಂಶಪಾರಂಪರ್ಯದ ಒಂದು ದೋಷ ಇರಬಹುದು. ಅದಕ್ಕೆ ಮೂರ್ಛೆರೋಗದ ಗುಳಿಗೆ ಕೊಡುತ್ತ ಕುಳಿತರೆ ಜೀವಕ್ಕೇ ಕುತ್ತು. ನಾರ್ವೆ ದೇಶದ ಜೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ೧೯೫೭ರಲ್ಲಿ, ಹುಟ್ಟುಕಿವುಡರಾದ ಮಕ್ಕಳಲ್ಲಿ ಈ ದೋಷವಿರುವ ಒಂದು ಮನೆತನವನ್ನು ವರ್ಣಿಸಿದರು. ತಂದೆ ತಾಯಿ ಇಬ್ಬರಲ್ಲಿಯೂ ಬೀಜವಿದ್ದರೆ ಮಾತ್ರ ಆ ತರದ್ದು ಮಗುವಿಗೆ ಇಳಿಯುತ್ತದಾದ್ದರಿಂದ, ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮ ನಾಡಿನವರು ಇದನ್ನು ಲಕ್ಷ್ಯದಲ್ಲಿಡತಕ್ಕದ್ದು. ಮೊದಲ ಸಲ ಮೂರ್ಛೆ ಬಂದವರೆಲ್ಲರಿಗೂ ಒಮ್ಮೆ ಇ.ಸಿ.ಜಿ. ತೆಗೆಸಬೇಕೆಂದು ವೈದ್ಯರು ಹೇಳುವದು ಇದಕ್ಕಾಗಿಯೇ. ಅದಕ್ಕೆ ಹಿಡಿಯುವ ಹೊತ್ತು ಹತ್ತು ನಿಮಿಷ.

ಔಷಧಗಳ ಮಾತನ್ನು ಚಿಕ್ಕದಾಗಿ ಹೇಳುತ್ತೇವೆ. ಸರಿಯಾಗಿ ಗುಳಿಗೆ ನುಂಗಿದರೆ ರೋಗಿಗಳಲ್ಲಿ ನೂರಕ್ಕೆ ಎಪ್ಪತ್ತರವರೆಗೆ ಜನರು ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮೂರ್ಛೆ ನಿಂತರೆ ಮೇಲೆ ಹೇಳಿದ ಅಪಾಯವೂ ಬಹಳ ಮಟ್ಟಿಗೆ ತಗ್ಗುತ್ತದೆ. ಹೊಸ ಗುಳಿಗೆಗಳಷ್ಟೇ ಅಲ್ಲ, ೧೯೧೨ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟೋನ್, ೧೯೩೮ರ ಫೆನಿಟಾಯಿನ್ ಇವೂ ಕೆಲಸ ಮಾಡುತ್ತವೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಕೆ. ಎಸ್. ಮಣಿ ಮತ್ತು ಸಂಗಡಿಗರು ಈ ಎರಡು ಅಗ್ಗದ ಔಷಧಗಳಿಂದಲೇ ಚಿಕಿತ್ಸೆ ನಡೆಸಿ ೨೦೦೧ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಗುಳಿಗೆಯನ್ನು ಒಮ್ಮೆಲೆ ಬಿಡುವದು ಮಾತ್ರ ಅತ್ಯಂತ ಅಪಾಯಕರ. ಕಾರ್ಬಮಜೆಪಿನ್ ಎಂಬ ಔಷಧವನ್ನು ತಟ್ಟನೆ ನಿಲ್ಲಿಸಿದವರಲ್ಲಿ, ನಿದ್ದೆಯ ಹೊತ್ತಿನಲ್ಲಿ ಬಾರುಕೋಲಿನ ನರಗಳ ಆರ್ಭಟ ಹೆಚ್ಚುವದನ್ನು ಯಂತ್ರಗಳ ಮೂಲಕ ಕಂಡಿದ್ದಾರೆ. ಭರತ ಹುಣ್ಣಿವೆಗೆ ಗುಡ್ಡಕ್ಕೆ ಹೋಗುವ ಮನೆಗಳಲ್ಲಿ ಎರಡು ರಾತ್ರಿ ನಿದ್ದೆಯಿಲ್ಲ, ಉಪವಾಸ, ಗುಳಿಗೆಯ ಡಬ್ಬಿ ಊರಲ್ಲಿಯೇ ಉಳಿದಿರುತ್ತದೆ. ಅಲ್ಲಿ ಮೂರ್ಛೆ ಬಂದರೆ ದೇವಿ ಮೈಮೇಲೆ ಬಂದಳೆನ್ನುವರು. ಜಾತ್ರೆಗೆ ಹೋಗಬೇಡಿರೆಂದು ನಾವು ಹೇಳುವದಿಲ್ಲ. ಡಬ್ಬಿಯನ್ನು ಸೆರಗಿಗೆ ಕಟ್ಟಿಕೊಳ್ಳಿರಿ, ಹುಡುಗಿಗೆ ಊಟ ಮಾಡಿಸಿ ಮಲಗಿಸಿರಿ, ಜೋಗುಳ ಬಾವಿಯಲ್ಲಾಗಲಿ ಮಲಪ್ರಭೆಯಲ್ಲಾಗಲಿ ಒಬ್ಬಳನ್ನೇ ನೀರಿಗಿಳಿಸಬೇಡಿರಿ. ಮನೆಯಲ್ಲಿ ಒಲೆಯ ಮುಂದೆಯೂ ಒಬ್ಬಳನ್ನೇ ಕೂಡ್ರಿಸಬೇಡಿರಿ.

ಪ್ರಾಯಕ್ಕೆ ಬಂದ ಹುಡುಗಿಯರ ವಿಷಯದಲ್ಲಿ ಇನ್ನೂ ಎರಡು ಮಾತುಗಳಿವೆ. ವಾಲ್ಪ್ರೊಯೇಟ್ ಎಂಬ ಗುಳಿಗೆಯು ಗರ್ಭದ ಶಿಶುವಿಗೆ ಕೇಡು ಮಾಡಬಲ್ಲದಾದ್ದರಿಂದ, ಮದುವೆಗೆ ಮುಂಚೆಯೇ ವೈದ್ಯರನ್ನು ಕಂಡು ಬೇರೆ ಔಷಧಕ್ಕೆ ಬದಲಿಸಲಾದೀತೇ ಎಂದು ಕೇಳಬೇಕು, ತಾವಾಗಿ ಬಿಡಬಾರದು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಲ್ಲಿ ಈ ರೋಗದ ತಜ್ಞರಿದ್ದಾರೆ, ಬೆಂಗಳೂರಿನವರೆಗೆ ಹೋಗುವ ಅಗತ್ಯ ಬಹು ಜನರಿಗೆ ಬೀಳುವದಿಲ್ಲ. ಎರಡನೆಯದು, ರೋಗವನ್ನು ಮುಚ್ಚಿಟ್ಟು ಮದುವೆ ಮಾಡುವದು. ಹಿಂದೂ ವಿವಾಹ ಕಾಯಿದೆಯಲ್ಲಿಯೂ ವಿಶೇಷ ವಿವಾಹ ಕಾಯಿದೆಯಲ್ಲಿಯೂ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಬರೆದಿದ್ದ ಶಬ್ದವನ್ನು ೧೯೯೯ರ ತಿದ್ದುಪಡಿಯಿಂದ ತೆಗೆದುಹಾಕಲಾಗಿದೆ. ಹೀಗಿದ್ದರೂ ಗಂಡನ ಮನೆಯಲ್ಲಿ ಕಾಣಬಾರದೆಂದು ಗುಳಿಗೆಯನ್ನು ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟು, ಒಂದು ದಿನ ನುಂಗಿ ಎರಡು ದಿನ ಬಿಡುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದ್ದಾರೆ. ಮೇಲಿನದನ್ನೆಲ್ಲ ಓದಿದವರಿಗೆ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೀಗರ ಮನೆಯಲ್ಲಿ ಮೊದಲೇ ಹೇಳುವದಕ್ಕೆ ಸಂಕೋಚಪಡುವ ಪಾಲಕರೊಡನೆ ಹೋಗಿ ಮಾತಾಡಲು ನಾವು ಸಿದ್ಧರಿದ್ದೇವೆ. ಹಿಂದೆ ಎರಡು ಸಲ ಹಾಗೆ ಹೋಗಿದ್ದೆವು. ಒಂದು ಸಂಬಂಧ ಮುರಿಯಿತು. ಇನ್ನೊಂದರಲ್ಲಿ ವರನ ತಾಯಿಯು ಬಹಳ ಹೊತ್ತು ಸುಮ್ಮನಿದ್ದು, ಗುಳಿಗೆಯನ್ನು ಎಷ್ಟು ಹೊತ್ತಿಗೆ ಕೊಡಬೇಕೆಂದು ಕೇಳಿ, ಅದನ್ನು ಒಂದು ಚೀಟಿಯಲ್ಲಿ ಬರೆಯಿಸಿಕೊಂಡಳು.